ಎರಡನೆಯ ಸ್ಕೀ ಪ್ರವಾಸಕ್ಕೆ ತಾಣ ಆರಿಸುವ ಬಗೆ: ಕಾಸರಗೋಡಿನಿಂದ ಹೊರಡುವವರಿಗೆ

ಮೊದಲ ಬಾರಿ ಸ್ಕೀಯಿಂಗ್ ಕಲಿಯಲು ಹೋಗುವವರಿಗೆ ತಾಣ ಯಾವುದಾದರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಒಂದು ಸಣ್ಣ ಇಳಿಜಾರು, ತಾಳ್ಮೆಯ ತರಬೇತುದಾರ ಮತ್ತು ಸಾಕಷ್ಟು ಹಿಮ ಇದ್ದರೆ ವಾರ ತುಂಬುತ್ತದೆ. ಎರಡನೆಯ ಬಾರಿಗೆ ಈ ಲೆಕ್ಕ ಸಾಲದು. ಕಾಲಿಗೆ ಕಟ್ಟುವ ಸ್ಕೀ ಹಲಗೆಗಳ ಮುಂತುದಿಯನ್ನು ಜೋಡಿಸಿ ಹಿಂಬದಿಯನ್ನು ಅಗಲಿಸಿ ನಿಲ್ಲುವ ವಿಧಾನದಿಂದ, ಎರಡೂ ಹಲಗೆಗಳನ್ನು ಸಮಾಂತರವಾಗಿಟ್ಟು ತಿರುಗುವ ವಿಧಾನಕ್ಕೆ ದಾಟುವ ಹಂತ ಅದು. ಉದ್ದವಾದ, ಸಮನಾದ, ಭಯ ಹುಟ್ಟಿಸದ ಇಳಿಜಾರಿನಲ್ಲಿ ದಿನಕ್ಕೆ ಹಲವಾರು ಸಲ ಇಳಿದರೆ ಮಾತ್ರ ಈ ದಾಟುವಿಕೆ ಸಾಧ್ಯ. ಆದ್ದರಿಂದ ತಾಣದ ಹೆಸರು ಅಥವಾ ಶಿಖರದ ಎತ್ತರಕ್ಕಿಂತ, ನಿಮಗೆ ಸಿಗುವ ದಿನಗಳಲ್ಲಿ ನಿಮ್ಮ ಮಟ್ಟದ ಇಳಿಜಾರಿನಲ್ಲಿ ಎಷ್ಟು ಹೊತ್ತು ಅಭ್ಯಾಸ ಮಾಡಬಹುದು ಎಂಬುದನ್ನೇ ಆಯ್ಕೆಯ ಆಧಾರವಾಗಿಸಬೇಕು.

ಮೊದಲು ನಿಮ್ಮ ಮಟ್ಟವನ್ನು ನಿರ್ಧರಿಸಿಕೊಳ್ಳಿ. ಬೇಕೆನಿಸಿದ ಜಾಗದಲ್ಲಿ ನಿಲ್ಲಬಲ್ಲಿರಾ, ಎಡಕ್ಕೂ ಬಲಕ್ಕೂ ಬಿಡದೆ ಸಾಲಾಗಿ ತಿರುಗಬಲ್ಲಿರಾ, ಚೇರ್ ಲಿಫ್ಟ್ ಹತ್ತಿ ಇಳಿಯಬಲ್ಲಿರಾ? ಈ ಮೂರೂ ಆಗುವುದಾದರೆ ಯುರೋಪಿನ ಲೆಕ್ಕದಲ್ಲಿ ನೀವು ನೀಲಿ ಇಳಿಜಾರಿಗೆ ಸಿದ್ಧರಿದ್ದೀರಿ. ಫ್ರಾನ್ಸಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟ ಏರುತ್ತಾ ಹೋಗುತ್ತದೆ. ಆಸ್ಟ್ರಿಯಾ ಮತ್ತು ಇಟಲಿಯಲ್ಲಿ ಸಾಮಾನ್ಯವಾಗಿ ನೀಲಿಯಿಂದಲೇ ಆರಂಭ. ಅಮೆರಿಕದಲ್ಲಿ ನೀಲಿ ಚೌಕವೆಂದರೆ ಮಧ್ಯಮ ಮಟ್ಟ, ಸುಲಭದ ಗುರುತು ಹಸಿರು ವೃತ್ತ. ನಕ್ಷೆ ನೋಡುವಾಗ ಒಟ್ಟು ಎಷ್ಟು ಕಿಲೋಮೀಟರ್ ಎಂಬುದಕ್ಕೆ ಮರುಳಾಗಬೇಡಿ. ಲಿಫ್ಟಿನ ಮೇಲ್ತುದಿಯಿಂದ ತಳದವರೆಗೆ ಸುಲಭದ ದಾರಿ ಎಲ್ಲೂ ತುಂಡಾಗದೆ ಬರುತ್ತದೆಯೇ ಎಂದು ಬೆರಳಿಟ್ಟು ನೋಡಿ. ಮೇಲೆ ಸೌಮ್ಯವಾಗಿದ್ದು, ಊರಿಗೆ ಇಳಿಯುವ ಕೊನೆಯ ಭಾಗ ಮಾತ್ರ ಕಡಿದಾಗಿರುವ ತಾಣಗಳಿವೆ. ಸಂಜೆ ಕಾಲು ಸೋತ ಹೊತ್ತಿನಲ್ಲಿ ಅಂಥ ದಾರಿ ನಿಜಕ್ಕೂ ಅಪಾಯಕಾರಿ. ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನೂ ಗಮನಿಸಿ: ನಮ್ಮ ಉತ್ತರಾರ್ಧಗೋಳದಲ್ಲಿ ಉತ್ತರದ ಬದಿಯಲ್ಲಿ ಹಿಮ ಹದವಾಗಿ ಉಳಿಯುತ್ತದೆ, ದಕ್ಷಿಣದ ಬದಿಯಲ್ಲಿ ಮಧ್ಯಾಹ್ನ ಕರಗಿ ಮರುದಿನ ಬೆಳಿಗ್ಗೆ ಮಂಜುಗಡ್ಡೆಯಾಗಿರುತ್ತದೆ.

ಎರಡನೆಯದಾಗಿ ದಿನಾಂಕ. ಕಾಸರಗೋಡಿನ ಕುಟುಂಬಗಳಿಗೆ ಇದೇ ದೊಡ್ಡ ತೊಡಕು. ಹಿಮಾಲಯದ ಸ್ಕೀ ತಾಣಗಳಿಗೆ ಹಿಮ ತರುವುದು ನಾವು ಬಲ್ಲ ಮಳೆಗಾಲದ ಮಾರುತವಲ್ಲ, ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಹವೆ. ಅದರ ಬಲ ಹೆಚ್ಚಾಗಿ ಜನವರಿ ಮತ್ತು ಫೆಬ್ರುವರಿಯಲ್ಲಿ ಕಾಣುತ್ತದೆ. ಕೇರಳದ ಶಾಲೆಗಳಲ್ಲಿ ಆಗ ರಜೆ ಇಲ್ಲ, ಮಾರ್ಚ್ ಬಂದರೆ ವಾರ್ಷಿಕ ಪರೀಕ್ಷೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ಇಳಿಜಾರು ಬೋಳಾಗಿರುವ ಸಾಧ್ಯತೆಯನ್ನು ಒಪ್ಪಿಕೊಂಡೇ ಹೊರಡಬೇಕು. ಹಾಗಾಗಿ ಮಕ್ಕಳೊಂದಿಗೆ ಹೋಗುವವರಿಗೆ ಏಪ್ರಿಲ್ ಮೊದಲ ವಾರ ಉತ್ತಮವೆಂದು ನನ್ನ ಅಭಿಪ್ರಾಯ. ಆದರೆ ಆಗ ದೇಶದ ಹೊರಗೆ ನೋಡಬೇಕಾಗುತ್ತದೆ. ಓಣಂ ರಜೆಯ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ ಸ್ಕೀ ಋತು ನಡೆದಿರುತ್ತದಾದರೂ ದೂರ ಮತ್ತು ವೆಚ್ಚ ಎರಡೂ ವಿಪರೀತ. ಮಕ್ಕಳ ಶಾಲೆಯ ಹಂಗಿಲ್ಲದವರು ಜನವರಿಯ ಉತ್ತರಾರ್ಧದಿಂದ ಫೆಬ್ರುವರಿ ಕೊನೆಯವರೆಗಿನ ಅವಧಿಯನ್ನು ಬಿಟ್ಟುಕೊಡಬಾರದು.

ದೇಶದೊಳಗಿನ ಆಯ್ಕೆ ಮುಖ್ಯವಾಗಿ ಔಲಿ ಮತ್ತು ಗುಲ್ಮಾರ್ಗ್ ನಡುವೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್ ಎತ್ತರದಲ್ಲಿವೆ. ಹೆಚ್ಚಿನವು ಸುಲಭ ಅಥವಾ ಮಧ್ಯಮ ಮಟ್ಟದವು. ಗಢವಾಲ್ ಮಂಡಲ ವಿಕಾಸ ನಿಗಮವು ಇಲ್ಲಿ 7 ಮತ್ತು 14 ದಿನಗಳ ತರಬೇತಿ ನಡೆಸುತ್ತಾ ಬಂದಿದೆ. ಇಳಿಜಾರನ್ನಷ್ಟೇ ನೋಡಿದರೆ ಎರಡನೆಯ ಪ್ರವಾಸಕ್ಕೆ ಇದು ಹೇಳಿಮಾಡಿಸಿದ ಜಾಗ. ತೊಂದರೆ ಎರಡು: ಹಿಮದ ಕೊರತೆಯಿಂದ ಸ್ಪರ್ಧೆಗಳೇ ರದ್ದಾದ ವರ್ಷಗಳಿವೆ, ಹೃಷಿಕೇಶದಿಂದ ಔಲಿಯ ಬುಡದ ಪಟ್ಟಣವಾದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಘಟ್ಟದ ರಸ್ತೆಯಿದ್ದು, ಅದಕ್ಕೆ ಒಂದು ಪೂರ್ಣ ದಿನ ಬೇಕು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದ ಬಳಿಕ ಅಲ್ಲಿನ ರೋಪ್‌ವೇ ನಿಂತಿತು, ಆದ್ದರಿಂದ ಔಲಿಯವರೆಗೂ ರಸ್ತೆಯ ಲೆಕ್ಕವನ್ನೇ ಹಾಕಿಕೊಳ್ಳಿ.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ಮಾತ್ರ. ಮಂಗಳೂರು ಅಥವಾ ಕಣ್ಣೂರಿನಿಂದ ವಿಮಾನ ಹಿಡಿದವರಿಗೆ, ರಜೆ ಕಡಿಮೆ ಇದ್ದಾಗ, ಇದರಿಂದ ಎರಡು ದಿನ ಉಳಿಯುತ್ತದೆ; ಎರಡು ದಿನವೆಂದರೆ ಅಭ್ಯಾಸದಲ್ಲಿ ದೊಡ್ಡ ಗಳಿಕೆ. ಇಲ್ಲಿನ ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಮುಚ್ಚಿದ ಡಬ್ಬಿಗಳ ರೋಪ್‌ವೇ, ಎರಡು ಹಂತದ್ದು. ಮೊದಲ ಹಂತ ಸುಮಾರು 2,650 ಮೀಟರ್‌ನಲ್ಲಿರುವ ಊರಿನಿಂದ ಕೊಂಗ್‌ಡೂರಿಗೆ, ಎರಡನೆಯ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ವರೆಗೆ. ಎಲ್ಲರೂ ಹೊಗಳುವ ಆ ಮೇಲಿನ ಹಂತ ನಿಮಗಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅಲ್ಲಿ ಯಂತ್ರದಿಂದ ಹದಗೊಳಿಸಿದ ದಾರಿಗಳಿಗಿಂತ ಬಿಡು ಹಿಮವೇ ಹೆಚ್ಚು, ಹಿಮಕುಸಿತದ ಅಪಾಯವೂ ನಿಜವಾದದ್ದು. 2023ರ ಫೆಬ್ರುವರಿ 1ರಂದು ಅದೇ ಬೆಟ್ಟದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಗಾರರು ಮೃತಪಟ್ಟರು. ಗುಲ್ಮಾರ್ಗ್ ಆರಿಸಿದರೆ ಊರಿನ ಹತ್ತಿರದ ಸಣ್ಣ ಇಳಿಜಾರುಗಳಲ್ಲಿ ತರಬೇತುದಾರರೊಂದಿಗೆ ಅಭ್ಯಾಸ ಮಾಡಿ, ಅವರು ಒಪ್ಪಿದ ಮೇಲೆ ಕೊಂಗ್‌ಡೂರಿಗೆ ಏರುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ.

ಹೊರದೇಶವೆಂದರೆ ಆಲ್ಪ್ಸ್ ಮಾತ್ರವಲ್ಲ. ಕಜಾಕಸ್ತಾನದ ಅಲ್ಮಾಟಿ ನಗರದ ಹೊರವಲಯದಲ್ಲಿರುವ ಶಿಂಬುಲಾಕ್ ಸುಮಾರು 2,260 ಮೀಟರ್‌ನಿಂದ ಆರಂಭವಾಗಿ 3,200 ಮೀಟರ್ ಸಮೀಪಕ್ಕೆ ಏರುತ್ತದೆ. ದೆಹಲಿಯಿಂದ ನೇರ ವಿಮಾನವಿದೆ, 2022ರಿಂದ ಭಾರತೀಯರಿಗೆ 14 ದಿನಗಳವರೆಗೆ ವೀಸಾ ಬೇಕಿಲ್ಲ. ಮೇಲಿನ ಭಾಗ ಕಡಿದಾಗಿದೆ, ಕೆಳಗಿನ ಭಾಗ ಎರಡನೆಯ ಬಾರಿಯವರಿಗೆ ಹೊಂದುತ್ತದೆ. ತರಬೇತುದಾರರ ಭಾಷೆ ಹೆಚ್ಚಾಗಿ ರಷ್ಯನ್ ಆದ್ದರಿಂದ ಇಂಗ್ಲಿಷ್ ಬಲ್ಲವರು ಬೇಕೆಂದು ಮುಂಗಡ ಕಾದಿರಿಸುವಾಗಲೇ ಕೇಳಿ. ಮಗನೋ ತಂಗಿಯೋ ಗಲ್ಫಿನಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಎಲ್ಲರೂ ಒಂದೆಡೆ ಸೇರುವಂತೆ ಜಾರ್ಜಿಯಾದ ಗುಡೌರಿಯನ್ನು ಯೋಚಿಸಬಹುದು. ಟಿಬಿಲಿಸಿಯಿಂದ ಸುಮಾರು 120 ಕಿಲೋಮೀಟರ್ ದೂರದ ಈ ತಾಣದಲ್ಲಿ ಮರಗಳಿಲ್ಲದ ಅಗಲವಾದ ಇಳಿಜಾರುಗಳಿವೆ. ಅಗಲವಿದ್ದಷ್ಟೂ ತಿರುಗಲು ಹೆದರಿಕೆ ಕಡಿಮೆ. ಮೋಡ ಕವಿದ ದಿನ ಮಾತ್ರ ಮರಗಳಿಲ್ಲದ ಕಡೆ ನೆಲದ ಉಬ್ಬುತಗ್ಗು ಕಾಣುವುದಿಲ್ಲ, ಅಂಥ ದಿನವನ್ನು ವಿಶ್ರಾಂತಿಗೆ ಬಿಡಿ. ದುಬೈ ಮೂಲಕ ಹೋಗುವವರು ಅಲ್ಲಿನ ಒಳಾಂಗಣ ಸ್ಕೀ ಕೇಂದ್ರದಲ್ಲಿ ಅರ್ಧ ದಿನ ಕಳೆದರೆ ಮರೆತದ್ದು ನೆನಪಾಗುತ್ತದೆ. ಅಲ್ಲಿನ ಅತಿ ಉದ್ದದ ಇಳಿಜಾರು 400 ಮೀಟರ್, ಅಷ್ಟಕ್ಕೆ ಸಾಕು.

ಸಮುದ್ರಮಟ್ಟದಿಂದ ಹೊರಟ ನಮಗೆ 2,500 ಮೀಟರ್ ದಾಟಿದ ಮೇಲೆ ತಲೆನೋವು, ನಿದ್ರೆಗೇಡು ಕಾಣಿಸಿಕೊಳ್ಳಬಹುದು. ತಲುಪಿದ ಮೊದಲ ದಿನ ಹಲಗೆ ಕಟ್ಟಬೇಡಿ. ಹೊರಡುವ ಎರಡು ತಿಂಗಳ ಮೊದಲಿನಿಂದ ಪೊಸಡಿ ಗುಂಪೆ ಅಥವಾ ರಾಣಿಪುರಂ ಹತ್ತಿ ಇಳಿಯುವ ರೂಢಿ ಮಾಡಿಕೊಂಡರೆ ತೊಡೆಗಳಿಗೆ ಬೇಕಾದ ಬಲ ಬರುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಇಲ್ಲಿ ಮುಖ್ಯ.

ಬೂಟು, ಹಲಗೆಗಳನ್ನು ಕೊಳ್ಳುವ ಅಗತ್ಯವಿಲ್ಲ, ತಾಣದಲ್ಲೇ ಬಾಡಿಗೆಗೆ ಸಿಗುತ್ತವೆ. ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ವಿಮೆಯ ಷರತ್ತುಗಳಲ್ಲಿ ಸ್ಕೀಯಿಂಗ್ ಎಂಬ ಹೆಸರು ಸ್ಪಷ್ಟವಾಗಿರಬೇಕು, ಸಾಮಾನ್ಯ ಪ್ರಯಾಣ ವಿಮೆ ಇದನ್ನು ಹೊರಗಿಡುವುದುಂಟು. ಗುರುತಿಸಿದ ದಾರಿಯ ಆಚೆಗಿನ ಅಪಘಾತಕ್ಕೆ ಪರಿಹಾರವಿದೆಯೇ ಎಂದೂ ಓದಿ ನೋಡಿ. ಗುಲ್ಮಾರ್ಗ್‌ಗೆ ಹೋಗುವವರು ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಂಡಿರಬೇಕು, ಏಕೆಂದರೆ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ.