ಕಲ್ಲು ನೆಲದಲ್ಲಿ ಹೂದೋಟ: ಮೊದಲು ಹಾರೆ, ಆಮೇಲೆ ಸಸಿ

ಊರಾಚೆ ಪುಟ್ಟದೊಂದು ಮನೆ ಮಾಡಿಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ನೆಲವೆಲ್ಲ ಬರೀ ಕಲ್ಲು, ಇಲ್ಲಿ ಹೂವಿನ ಗಿಡ ಬರುತ್ತದೆಯೇ?" ಖಂಡಿತ ಬರುತ್ತದೆ. ಆದರೆ ಇದ್ದಬದ್ದ ಕಲ್ಲನ್ನೆಲ್ಲ ಕಿತ್ತೆಸೆದು ಲಾರಿಗಟ್ಟಲೆ ಮಣ್ಣು ತುಂಬಿಸುತ್ತೇನೆ ಎಂದು ಹೊರಟರೆ ದುಡ್ಡೂ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಜೋರು ಮಳೆ ಬಂದರೆ ತಂದು ಸುರಿದ ಮಣ್ಣು ಕೊಚ್ಚಿಕೊಂಡು ಹೋಗುವುದೂ ಉಂಟು. ದೊಡ್ಡ ಬಂಡೆಗಳನ್ನು ಇದ್ದಲ್ಲೇ ಬಿಡಿ. ಅವುಗಳ ಮಗ್ಗುಲಲ್ಲಿ ಮಣ್ಣು ಎಲ್ಲಿ ನಿಂತಿದೆ, ಮಳೆನೀರು ಎತ್ತ ಹರಿಯುತ್ತದೆ ಎಂದು ಗೊತ್ತುಮಾಡಿಕೊಂಡು ಅಲ್ಲಿ ಗಿಡ ಇಡಿ.

ಅದಕ್ಕೆ ಬೇಕಾದದ್ದು ಎರಡಡಿ ಉದ್ದದ ಒಂದು ಕಬ್ಬಿಣದ ಸರಳು. ಮಳೆ ಬಂದು ನೆಲ ಹದವಾಗಿರುವ ದಿನ ಹೆಜ್ಜೆಗೊಂದು ಕಡೆ ಚುಚ್ಚುತ್ತಾ ಹೋಗಿ. ಸರಳು ಇಳಿಯದೆ ನಿಂತಿತು ಎಂದ ಮಾತ್ರಕ್ಕೆ ಕೆಳಗೆ ಹಾಸುಬಂಡೆಯೇ ಇದೆ ಎಂದುಕೊಳ್ಳಬೇಡಿ. ಒಂದು ಗೇಣು ಆಚೆಗೆ, ಈಚೆಗೆ ಮತ್ತೆ ಚುಚ್ಚಿ. ಪಕ್ಕದಲ್ಲೇ ಸಲೀಸಾಗಿ ಇಳಿದರೆ ಅದು ಬಿಡಿಗಲ್ಲು, ಹಾರೆ ಹಾಕಿದರೆ ಏಳುತ್ತದೆ. ಎಲ್ಲಿ ಚುಚ್ಚಿದರೂ ಒಂದೇ ಆಳದಲ್ಲಿ ನಿಂತರೆ ಅದು ಬಂಡೆ, ಅದರ ತಂಟೆಗೆ ಹೋಗಬೇಡಿ. ಒಂದು ಋತುವಿನಲ್ಲಿ ಹೂಬಿಟ್ಟು ಮುಗಿಯುವ ಸಣ್ಣ ಗಿಡಗಳಿಗೆ 15 ಸೆಂಟಿಮೀಟರ್ ಮಣ್ಣಿದ್ದರೂ ನಡೆಯುತ್ತದೆ. ವರ್ಷಾನುಗಟ್ಟಲೆ ಬಾಳುವ ಹೂಗಿಡಗಳಿಗೆ 30, ಪೊದೆಯಾಗಿ ಬೆಳೆಯುವವಕ್ಕೆ 45ರಿಂದ 60 ಸೆಂಟಿಮೀಟರ್ ಬೇಕು. ಆಳ ಸಿಕ್ಕ ಕಡೆಯೆಲ್ಲ ಒಂದೊಂದು ಕಡ್ಡಿ ನೆಟ್ಟು ಗುರುತು ಮಾಡಿ. ಅವುಗಳಲ್ಲಿ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವನ್ನು ಮೊದಲು ಆರಿಸಿಕೊಳ್ಳಿ.

ನೀರಿನ ಪರೀಕ್ಷೆ ಇದಕ್ಕಿಂತ ಮುಖ್ಯ. ಗುರುತು ಮಾಡಿದ ಕಡೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ, ಒಂದು ಕಡ್ಡಿ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಮೂರರಿಂದ ಏಳು ಸೆಂಟಿಮೀಟರ್ ಇಳಿದರೆ ಒಳ್ಳೆಯ ಜಾಗ. ಬೆಳಗಾದರೂ ನೀರು ಹಾಗೇ ನಿಂತಿದ್ದರೆ ಕೆಳಗಿನ ಬಂಡೆ ತಗ್ಗಾಗಿದೆ ಎಂದರ್ಥ, ಅಲ್ಲಿ ನೆಟ್ಟ ಗಿಡದ ಬೇರು ಕೊಳೆಯುತ್ತದೆ. ಕಲ್ಲು ನೆಲದಲ್ಲಿ ಗಿಡ ಸಾಯುವುದು ನೀರಿಲ್ಲದೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಿಂತ ನೀರಿನಿಂದ ಸಾಯುವ ಗಿಡಗಳೂ ಕಡಿಮೆಯಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ: ಕಲ್ಲಿನ ಒಂದು ಹೊಸ ಚೂರಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ಬುರುಗು ಎದ್ದರೆ ಸುಣ್ಣದ ಕಲ್ಲು. ಅಂಥ ನೆಲದಲ್ಲಿ ಹೈಡ್ರೇಂಜಿಯಾ ನೀಲಿ ಬಣ್ಣಕ್ಕೆ ಬರುವುದಿಲ್ಲ, ಅಜೇಲಿಯಾ, ಗಾರ್ಡೇನಿಯಾಗಳ ಎಲೆ ಹಳದಿಗೆ ತಿರುಗುತ್ತದೆ. ಅವುಗಳ ಆಸೆ ಬಿಟ್ಟುಬಿಡಿ, ಇಲ್ಲವೇ ಕುಂಡದಲ್ಲಿ ಇಟ್ಟುಕೊಳ್ಳಿ.

ಕಲ್ಲು ಎತ್ತುವಾಗ ಅವಸರ ಬೇಡವೇ ಬೇಡ. ಕಲ್ಲಿನಡಿ ತಂಪಿರುತ್ತದೆ, ಚೇಳು, ಹಾವು, ಜರಿ ಅಲ್ಲೇ ಇರುತ್ತವೆ. ದಪ್ಪ ಕೈಗವಸು, ಮುಚ್ಚಿದ ಬೂಟು ಹಾಕಿಕೊಳ್ಳಿ, ಕಲ್ಲಿನಡಿಗೆ ಬೆರಳು ತೂರಿಸಬೇಡಿ. ಹಾರೆಯಿಂದ ಮೊದಲು ಒಂದೆರಡು ಬಾರಿ ತಟ್ಟಿ. ಆಮೇಲೆ ಕಲ್ಲಿನ ಆಚೆ ಅಂಚಿಗೆ ಹಾರೆ ಕೊಟ್ಟು, ಕಲ್ಲು ನಿಮ್ಮ ಕಡೆ ವಾಲುವಂತೆ ಮೀಟಿ. ಹೀಗೆ ಮಾಡಿದರೆ ಅಡಿಯ ಬಾಯಿ ಆಚೆ ಕಡೆ ತೆರೆದುಕೊಳ್ಳುತ್ತದೆ, ಒಳಗಿದ್ದದ್ದು ಆ ಕಡೆಗೇ ಓಡಿಹೋಗುತ್ತದೆ, ನಿಮಗೂ ಅದಕ್ಕೂ ನಡುವೆ ಕಲ್ಲೇ ಅಡ್ಡ ಇರುತ್ತದೆ. ಕಲ್ಲು ಪೂರ್ತಿ ಮಗುಚುವವರೆಗೆ ಕಾಲನ್ನು ದೂರ ಇಡಿ. ಹೊರಲಾರದ ಕಲ್ಲನ್ನು ಎತ್ತಲೇಬೇಡಿ, ಉರುಳಿಸಿ. ಎತ್ತಬಲ್ಲದ್ದನ್ನೂ ಮಂಡಿ ಮಡಿಸಿ ಕೂತು ಎತ್ತಿ, ಸೊಂಟ ಬಗ್ಗಿಸಿ ಅಲ್ಲ. ತೆಗೆದ ಕಲ್ಲನ್ನು ಎಸೆಯದೆ ದೊಡ್ಡದು, ಚಪ್ಪಟೆ, ಚೂರು ಎಂದು ಮೂರು ಗುಡ್ಡೆ ಮಾಡಿ. ಮೂರಕ್ಕೂ ಕೆಲಸವಿದೆ.

ಮಣ್ಣು ಸಾಲದ ಕಡೆ ಕಲ್ಲಿನ ಕಟ್ಟೆ ಕಟ್ಟಿ ಮಡಿಯನ್ನೇ ಎತ್ತರಿಸುವುದು ಒಳ್ಳೆಯ ದಾರಿ. ಸಿಮೆಂಟು ಬೇಡ. ಗಾರೆಯಿಲ್ಲದ ಕಟ್ಟೆಯ ಸಂದುಗಳಿಂದ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗುತ್ತದೆ, ಸಿಮೆಂಟು ಮೆತ್ತಿದರೆ ಕಟ್ಟೆ ತೊಟ್ಟಿಯಾಗುತ್ತದೆ. ಅತಿ ದೊಡ್ಡ ಕಲ್ಲುಗಳನ್ನು ತಳಕ್ಕೆ ಹಾಕಿ, ಅವು ನಾಲ್ಕು ಬೆರಳಾದರೂ ನೆಲದೊಳಗೆ ಕೂರುವಂತೆ ಅಗೆದು ಇಡಿ. ಕಲ್ಲಿನ ಉದ್ದದ ಭಾಗ ಮಡಿಯ ಒಳಕ್ಕೆ ಹೋಗಬೇಕು. ಉದ್ದವನ್ನು ಹೊರಗೆ ತೋರಿಸಿದರೆ ನೋಡಲು ಚೆನ್ನ, ಆದರೆ ಕಟ್ಟೆ ಬೇಗ ಜಾರುತ್ತದೆ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರಬಾರದು. ಕಟ್ಟೆ ಒಂದಡಿ ಏಳುವಷ್ಟರಲ್ಲಿ ಎರಡು ಅಂಗುಲ ಒಳಕ್ಕೆ ವಾಲಿರಲಿ. ಒಂದೊಂದು ಕಲ್ಲಿಟ್ಟಾಗಲೂ ಅದರ ಮೇಲೆ ಕಾಲಿಟ್ಟು ನೋಡಿ, ಅಲುಗಿದರೆ ಒಳಬದಿಯಿಂದ ಕಲ್ಲಿನ ಚೂರು ಸಿಕ್ಕಿಸಿ ಬಿಗಿ ಮಾಡಿ. ಎರಡಡಿಗಿಂತ ಎತ್ತರ ಬೇಕಾದರೆ ಕೆಲಸ ಬಲ್ಲವರನ್ನು ಕರೆಸಿ.

ನೀರು ಬಸಿಯಲಿ ಎಂದು ಮಡಿಯ ತಳಕ್ಕೆ ಜಲ್ಲಿ ಹರಡುವವರಿದ್ದಾರೆ. ಅದರಿಂದ ಉಪಕಾರವಿಲ್ಲ. ನಯವಾದ ಮಣ್ಣಿನಿಂದ ದೊರಗು ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೂ ಅಲ್ಲೇ ತಡೆದು ನಿಲ್ಲುತ್ತದೆ. ಆ ಜಲ್ಲಿಯನ್ನು ಉಳಿಸಿಕೊಳ್ಳಿ, ಮೇಲ್ಗಡೆ ಬೇಕಾಗುತ್ತದೆ. ತಳದ ನೆಲವನ್ನು ಪಿಕಾಸಿಯಿಂದ ಕೆದಕಿ ಒರಟು ಮಾಡಿದರೆ ಸಾಕು.

ಮಣ್ಣಿನ ಲೆಕ್ಕ ಮೊದಲೇ ಹಾಕಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಮಡಿಗೆ 600 ಲೀಟರ್ ಮಣ್ಣು ಹಿಡಿಯುತ್ತದೆ, ಕೂತಾಗ ತಗ್ಗುತ್ತದಾದ್ದರಿಂದ ಇನ್ನೂ ಸ್ವಲ್ಪ ಬೇಕು. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ನನ್ನ ಅಳತೆ. ಹಸಿ ಸಗಣಿಯನ್ನು ಹಾಕಬೇಡಿ, ಎಳೆಬೇರು ಸುಡುತ್ತದೆ. ಗೊಬ್ಬರ ಕೈಯಲ್ಲಿ ಹಿಡಿದರೆ ಬಿಸಿಯಿರಬಾರದು, ನಾತವಿರಬಾರದು, ಮಳೆ ಬಿದ್ದ ನೆಲದ ವಾಸನೆ ಬರಬೇಕು. ಮರಳೂ ಅಷ್ಟೇ, ನುಣ್ಣನೆಯದು ಜೇಡಿಮಣ್ಣಿಗೆ ಸೇರಿದರೆ ಗಟ್ಟಿ ಕಟ್ಟಿಕೊಳ್ಳುತ್ತದೆ.

ಬಂಡೆಯ ಬಿರುಕುಗಳಲ್ಲಿ ನೆಡುವುದು ನನಗೆ ಬಲು ಇಷ್ಟದ ಕೆಲಸ. ಜೆಕ್ ನಾಡಿನ ತೋಟಗಾರರು ಚಪ್ಪಟೆ ಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ನಡುವಿನ ಸೀಳುಗಳಲ್ಲಿ ಮಲೆಯ ಹೂಗಿಡ ಬೆಳೆಸುವ ಪದ್ಧತಿಯನ್ನೇ ಬೆಳೆಸಿದ್ದಾರೆ. ಸೀಳಿನಲ್ಲಿ ಬೇರು ಆಳಕ್ಕೆ ಇಳಿಯುತ್ತದೆ, ಅಲ್ಲಿನ ತೇವ ಬಿಸಿಲಿಗೆ ಬೇಗ ಆರುವುದಿಲ್ಲ, ಗಿಡದ ಬುಡವೂ ಒಣಗಿರುತ್ತದೆ. ಇದಕ್ಕೆ ದೊಡ್ಡ ಸಸಿ ಆಗುವುದಿಲ್ಲ, ಬೆರಳುದ್ದದ ಎಳೆಸಸಿಯೇ ಬೇಕು. ಸೀಳಿನ ಒಳಗಿನ ಕಸವನ್ನು ಕಡ್ಡಿಯಿಂದ ಕೆದಕಿ ತೆಗೆದು ನೀರು ಹಾಕಿ. ಸಸಿಯ ಬೇರಿನ ಮಣ್ಣನ್ನು ಅರ್ಧದಷ್ಟು ಉದುರಿಸಿ, ಬೇರುಗಳನ್ನು ಚಪ್ಪಟೆಯಾಗಿ ಹರಡಿ ಕೆಳಮುಖವಾಗಿ ಇಳಿಬಿಡಿ. ಹದಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಒಳಗೆ ಎಲ್ಲೂ ಟೊಳ್ಳು ಉಳಿಯಬಾರದು, ಟೊಳ್ಳಿನಲ್ಲಿ ಸಿಕ್ಕ ಬೇರು ಒಣಗುತ್ತದೆ. ಕೊನೆಗೆ ಬುಡದ ಎರಡೂ ಕಡೆ ಕಲ್ಲಿನ ಚೂರು ಸಿಕ್ಕಿಸಿ. ಸಸಿಯನ್ನು ಹಗುರಾಗಿ ಎಳೆದರೆ ಕೈಗೆ ಬರಬಾರದು.

ಯಾವ ಹೂ ಎಂದು ತೀರ್ಮಾನಿಸುವ ಮೊದಲು ಸುತ್ತ ಒಂದು ಸುತ್ತು ಹಾಕಿ ಬನ್ನಿ. ಅದೇ ಕಲ್ಲಿನಲ್ಲಿ ಯಾರೂ ನೀರು ಹಾಕದೆ ಹೂಬಿಟ್ಟಿರುವ ಗಿಡಗಳಿಗಿಂತ ದೊಡ್ಡ ಸಲಹೆಗಾರರಿಲ್ಲ. ಅವುಗಳನ್ನು ಕೀಳಬೇಡಿ, ಬೀಜ ಬಲಿತಾಗ ಒಂದಿಷ್ಟು ಆರಿಸಿಕೊಳ್ಳಿ. ಬಿಸಿ ನೆಲದಲ್ಲಾದರೆ ನಿತ್ಯಪುಷ್ಪ, ಟೇಬಲ್ ರೋಸ್, ಗೋರಂಟೆ, ಗೈಲಾರ್ಡಿಯಾ, ಕಾಸ್ಮಾಸ್ ಕೈಬಿಡುವುದಿಲ್ಲ. ಚಳಿ ಹೆಚ್ಚಿರುವ ಕಡೆ ಸೀಡಮ್, ಲ್ಯಾವೆಂಡರ್, ಥೈಮ್, ಡಯಾಂಥಸ್ ಒಳ್ಳೆಯವು. ಕಾಸ್ಮಾಸ್‌ಗೆ ಗೊಬ್ಬರ ಹೆಚ್ಚಾದರೆ ಬರೀ ಸೊಪ್ಪು ಬೆಳೆಯುತ್ತದೆ, ಬಡ ಮಣ್ಣಿನಲ್ಲೇ ಅದರ ಹೂ ಚೆಂದ. ಆಳ ಸಿಕ್ಕ ಕಡೆ ಒಂದು ಬೋಗನ್‌ವಿಲ್ಲಾ ಇಡಿ. ಕಣಗಿಲೆಯೂ ಕಲ್ಲಿಗೆ ಹೆದರುವ ಗಿಡವಲ್ಲ, ಆದರೆ ಅದರ ಪ್ರತಿಯೊಂದು ಭಾಗವೂ ವಿಷ. ಮಕ್ಕಳು, ದನಕರು ಓಡಾಡುವ ಕಡೆ ಬೇಡ, ಕತ್ತರಿಸಿದ ಕೊಂಬೆಯನ್ನು ಸುಡಲೂಬೇಡಿ, ಹೊಗೆಯೂ ಕೆಟ್ಟದ್ದು.

ನೀವು ವಾರಗಟ್ಟಲೆ ಅಲ್ಲಿರದವರಾದರೆ ನೀರಿನ ವ್ಯವಸ್ಥೆ ಗಿಡಕ್ಕಿಂತ ಮೊದಲು ಆಗಬೇಕು. ಹೊಳಪು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಮಡಿಯಲ್ಲಿ ಹೂತು, ನೀರು ತುಂಬಿ ಮುಚ್ಚಿಡಿ. ಮಣ್ಣು ಒಣಗಿದಂತೆ ಮಡಕೆ ನೀರನ್ನು ಜಿನುಗಿಸುತ್ತದೆ, ಬೇರುಗಳು ತಾವೇ ಹುಡುಕಿಕೊಂಡು ಬರುತ್ತವೆ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ ಬರೆದಿಟ್ಟ ಉಪಾಯವಿದು, ಇವತ್ತಿಗೂ ಇದಕ್ಕೆ ಸಮನಾದದ್ದು ಅಪರೂಪ. ಬಾಯಿಗೆ ಮುಚ್ಚಳ ಮರೆಯಬೇಡಿ, ಸೊಳ್ಳೆ ಮೊಟ್ಟೆಯಿಡುತ್ತದೆ. ಮಾಡಿನ ನೀರನ್ನೂ ಹಿಡಿಯಿರಿ: ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಚದರ ಮೀಟರ್ ಮಾಡಿಗೆ 10 ಮಿಲಿಮೀಟರ್ ಮಳೆ ಬಂದರೆ ಹತ್ತಿರ ಹತ್ತಿರ 200 ಲೀಟರ್ ಆಯಿತು. ಎತ್ತಿಟ್ಟ ಜಲ್ಲಿಯನ್ನು ನೆಟ್ಟ ಮೇಲೆ ಗಿಡಗಳ ಸುತ್ತ ಎರಡು ಬೆರಳು ದಪ್ಪ ಹರಡಿ. ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಮಳೆಹನಿ ಮಣ್ಣು ಸಿಡಿಸುವುದಿಲ್ಲ. ದಿನಾ ಚಿಮುಕಿಸುವುದಕ್ಕಿಂತ ಬಿಡುವು ಕೊಟ್ಟು ಬುಡ ನೆನೆಯುವಷ್ಟು ಹಾಕುವುದು ಒಳ್ಳೆಯದು.

ಮರದ ಮನೆಯಾದರೆ ಗೋಡೆಗೆ ತಾಗಿಸಿ ಮಡಿ ಕಟ್ಟಬೇಡಿ. ಹಸಿ ಮಣ್ಣು ತಾಗಿದ ಮರಕ್ಕೆ ಗೆದ್ದಲು ಹತ್ತುತ್ತದೆ. ಕಾಡಿನ ಬೆಂಕಿಯ ಭಯವಿರುವ ಕಡೆ ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಬರೀ ಜಲ್ಲಿ ಹರಡಿ, ಒಣಗುವಂಥದ್ದು ಏನೂ ಅಲ್ಲಿರದಂತೆ ನೋಡಿಕೊಳ್ಳಿ. ಸೆಪ್ಟಿಕ್ ಟ್ಯಾಂಕಿನ ಹತ್ತಿರ ಪೊದೆಗಿಡ ಬೇಡ, ಬೇರು ಪೈಪಿಗೆ ನುಗ್ಗುತ್ತದೆ.

ಮೊದಲ ವರ್ಷ ಒಂದೇ ಮಡಿ, ಎರಡು ಮೂರು ಸೀಳು ಸಾಕು. ಮಳೆಗಾಲ ಹಿಡಿಯುವ ಹೊತ್ತಿಗೆ ನೆಟ್ಟರೆ ಅರ್ಧ ಕೆಲಸ ಮಳೆಯೇ ಮಾಡಿಕೊಡುತ್ತದೆ. ಮೊದಲ ಜೋರು ಮಳೆ ನಿಂತ ಕೂಡಲೇ ಹೋಗಿ ಕಟ್ಟೆಯ ಸುತ್ತ ನೋಡಿ: ಕೆಸರು ನೀರು ಎಲ್ಲಿಂದ ಹೊರಬರುತ್ತಿದೆಯೋ ಅಲ್ಲಿ ಒಳಗಿನಿಂದ ಚೂರುಗಲ್ಲು ತುರುಕಿ, ತಗ್ಗಾದ ಕಡೆ ಮಣ್ಣು ತುಂಬಿ. ಎರಡನೆಯ ಮಡಿ ಎಲ್ಲಿ ಕಟ್ಟಬೇಕೆಂಬುದನ್ನೂ ಅವತ್ತು ನೀರು ಹರಿದ ಜಾಡು ನೋಡಿಯೇ ಗೊತ್ತುಮಾಡಿ.