ಆನೆ ದಾರಿಯ ಮಾತು ಗಾಂಧಿನಗರದಲ್ಲಿ: ಇಂಟರ್ನ್ ಆಗಿ ನಾನು ಕಂಡದ್ದು

2020ರ ಫೆಬ್ರುವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ವಲಸೆ ಜೀವಿಗಳ ಬಗ್ಗೆ ವಿಶ್ವಸಂಸ್ಥೆಯ ದೊಡ್ಡ ಸಭೆ ನಡೆಯಿತು. ಸಿಎಂಎಸ್ ಕಾಪ್13 ಅಂತ ಕರೆಯುತ್ತಾರೆ, ಅಂದರೆ ವಲಸೆ ಜೀವಿಗಳ ಒಪ್ಪಂದಕ್ಕೆ ಸೇರಿದ ದೇಶಗಳ 13ನೇ ಸಭೆ. ಇದರ ಮೂಲ 1979ರಲ್ಲಿ ಜರ್ಮನಿಯ ಬಾನ್‌ನಲ್ಲಿ ಆದ ಒಪ್ಪಂದ. ಸಣ್ಣ ಸಂಸ್ಥೆಯೊಂದರ ಇಂಟರ್ನ್ ಆಗಿ ಹೋಗಿದ್ದೆ, ಟಿಪ್ಪಣಿ ಬರೆಯೋದು ನನ್ನ ಕೆಲಸ. ಆದರೆ ಹಾಸನ ಜಿಲ್ಲೆ ಆಲೂರಿನವಳಾದ ನನ್ನ ಕಣ್ಣೆಲ್ಲ ಒಂದೇ ಪ್ರಸ್ತಾವದ ಮೇಲಿತ್ತು. ಏಷ್ಯಾದ ಆನೆಯನ್ನು ಒಪ್ಪಂದದ ಮೊದಲ ಅನುಬಂಧಕ್ಕೆ, ಅಂದರೆ ಅಳಿವಿನಂಚಿನ ವಲಸೆ ಜೀವಿಗಳ ಪಟ್ಟಿಗೆ, ಸೇರಿಸಿ ಅಂತ ಭಾರತ ಇಟ್ಟಿದ್ದ ಪ್ರಸ್ತಾವ ಅದು.

ಇಂಥ ಪ್ರಸ್ತಾವಗಳನ್ನು ಸಭೆಗೆ 150 ದಿನ ಮೊದಲೇ ಕಳಿಸಿರಬೇಕು, ಹಾಗಾಗಿ ಓದೋಕೆ ಸಮಯ ಸಿಗುತ್ತದೆ. ನಾನು ಉಳಿದ ಕಡತಗಳ ಮೇಲೆ ಸುಮ್ನೆ ಕಣ್ಣಾಡಿಸಿ, ಆನೆಯದ್ದನ್ನು ಮಾತ್ರ ಪೂರ್ತಿ ಓದಿದೆ. ಪಕ್ಕದಲ್ಲಿ ನಮ್ಮ ಕಡೆಯ ಸಂಗತಿ ಬರೆದುಕೊಂಡೆ: ಕಾಫಿ ತೋಟದಲ್ಲೇ ಮರಿ ಹಾಕುವ ಹಿಂಡು, ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಗಿಳಿಯುವ ಒಂಟಿ ಸಲಗ, ರೈಲು ಕಂಬಿ ಬೇಲಿ.

ದೊಡ್ಡ ಸಭಾಂಗಣದಲ್ಲಿ ಮಾತಾಡಬೇಕಾದ ದೇಶ ತನ್ನ ಹೆಸರಿನ ಫಲಕ ಎತ್ತುತ್ತದೆ, ದೇಶಗಳದ್ದು ಮುಗಿದ ಮೇಲೆ ಸಂಸ್ಥೆಗಳ ಸರದಿ. ಕೆಲಸ ಹೇಗೆ ನಡೆಯುತ್ತದೆ ಅಂತ ನೋಡಬೇಕಂದ್ರೆ ಮಾತ್ರ ಸಣ್ಣ ಕೋಣೆಗಳಿಗೆ ಹೋಗಬೇಕು. ಅಲ್ಲಿ ಕರಡು ಪರದೆ ಮೇಲಿರುತ್ತದೆ, ಒಪ್ಪಿಗೆಯಾಗದ ಸಾಲುಗಳು ಚೌಕ ಕಂಸದೊಳಗೆ. ಒಬ್ಬರು ಇದಕ್ಕೆ ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ, ಇನ್ನೊಬ್ಬರು ನಮ್ಮ ಕಾನೂನಿಗೆ ಹೊಂದಲ್ಲ ಅನ್ನುತ್ತಾರೆ, ಅಳಿಸಿ ಬರೆದು ಮತ್ತೆ ಅಳಿಸಿ ಕೊನೆಗೆ ಕಂಸ ತೆಗೆದರೆ ಆ ಸಾಲು ಉಳಿದ ಹಾಗೆ. ಒಂದೇ ಪ್ಯಾರಾಕ್ಕೆ ಮಧ್ಯಾಹ್ನವೆಲ್ಲ ಹಿಡಿದದ್ದೂ ಉಂಟು. ನನಗೆ ಒಂಚೂರೂ ಬೇಜಾರಾಗಲಿಲ್ಲ.

ಆನೆಗೆ ಅಷ್ಟು ಗುದ್ದಾಟ ಬೇಕಾಗಲಿಲ್ಲ, ಒಮ್ಮತದಿಂದ ಸೇರಿತು. ಸಿರುಗುಪ್ಪ ಕಡೆ ಕಾಣುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಸೇರಿತು. ಈ ಪಟ್ಟಿಯಲ್ಲಿರುವ ಪ್ರಾಣಿಯ ನೆಲೆ ಕಾಯಬೇಕು, ಅದರ ಓಡಾಟಕ್ಕೆ ಅಡ್ಡ ಬರುವುದನ್ನು ತೆಗೆಯಲು ಇಲ್ಲವೇ ಕಡಿಮೆ ಮಾಡಲು ದೇಶಗಳು ಶ್ರಮಿಸಬೇಕು. ನನಗೆ ಮುಖ್ಯ ಅನ್ನಿಸಿದ್ದು ಇದೇ. ಒಪ್ಪಂದದ ಗಮನ ದೇಶದ ಗಡಿ ದಾಟುವ ಆನೆಗಳ ಮೇಲೆ, ನಮ್ಮವು ದಾಟೋದು ಹೆದ್ದಾರಿ, ತೋಟದ ಬೇಲಿ. ಆದರೂ ದಾರಿ ಬೇಕಲ್ವಾ? 2014ರಲ್ಲಿ ಆಲೂರು, ಸಕಲೇಶಪುರ ಕಡೆ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆನೆ ಕಾಟ ನಿಂತಿಲ್ಲ. ಹಿಡಿಯೋದರಿಂದ ಇದು ಮುಗಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ಕೂತ ಕೋಣೆಗಳಲ್ಲಿ ಆನೆ ಜೊತೆ ಬದುಕುವ ಬೆಳೆಗಾರರಾಗಲಿ ತೋಟದ ಕೆಲಸದವರಾಗಲಿ ಕಾಣಲಿಲ್ಲ. ಊರಿಗೆ ಬಂದು ತೀರ್ಮಾನವನ್ನು ಕನ್ನಡದಲ್ಲಿ ಬರೆದು ನಮ್ಮ ಕಡೆಯ ಬೆಳೆಗಾರರ ಮುಂದೆ ಓದಿದೆ. ಹಿರಿಯರೊಬ್ಬರು, "ಅದೆಲ್ಲ ಸರಿ ಕಣಮ್ಮ, ಬೆಳಗ್ಗೆ ಆಳುಗಳು ತೋಟಕ್ಕೆ ಬರೋ ದಾರೀಲಿ ಆನೆ ಐತೋ ಇಲ್ವೋ ಅಂತ ಮೊದಲೇ ತಿಳಿಯೋ ಹಾಗೆ ಮಾಡಿಸು" ಅಂದರು.

ಇಂಥ ಸಭೆಗೆ ಇಂಟರ್ನ್ ಆಗಿ ಹೋಗುವವರಿದ್ದರೆ ಈ ಥರದ ಮಾತನ್ನು ಹೊರಡುವ ಮೊದಲೇ ಊರಲ್ಲಿ ಕೇಳಿ ಒಂದೇ ಪುಟಕ್ಕೆ ಇಳಿಸಿಕೊಳ್ಳಿ. ಸಭೆ ಶುರುವಾಗುವ ಮೊದಲು, ಕರಡು ಇನ್ನೂ ಕಂಸದಲ್ಲಿರುವಾಗಲೇ, ನಮ್ಮ ದೇಶದ ನಿಯೋಗದವರ ಕೈಗೆ ಕೊಡಿ. ಕಂಸ ತೆಗೆದ ಮೇಲೆ ಹೊಸ ಸಾಲು ಸೇರಿಸೋದು ತುಂಬಾ ಕಷ್ಟ.