ಒಂದು ಲ್ಯಾಪ್‌ಟಾಪು, ಎರಡು ಫೋನು: ಅಡಿಕೆ ಧಾರಣೆಯ ಆ್ಯಪನ್ನು ನಾನು ಪರೀಕ್ಷಿಸಿದ ಬಗೆ

2022ರಲ್ಲಿ ಶಿರಸಿ ಸೀಮೆಯ ಬೆಳೆಗಾರರ ಸಂಘವೊಂದಕ್ಕೆ ದಿನದ ಅಡಿಕೆ ಧಾರಣೆ ತೋರಿಸುವ ಜಾಲತಾಣವನ್ನೂ, ಅದನ್ನೇ ವೆಬ್‌ವ್ಯೂನಲ್ಲಿ, ಅಂದರೆ ಆ್ಯಪಿನೊಳಗೇ ಕೂರುವ ಬ್ರೌಸರಿನಲ್ಲಿ, ತೆರೆಯುವ ಚಿಕ್ಕದೊಂದು ಆಂಡ್ರಾಯ್ಡ್ ಆ್ಯಪನ್ನೂ ಮಾಡಿಕೊಡಲು ಒಪ್ಪಿಕೊಂಡೆ. ಆಗ ನನ್ನ ಬಳಿ ಇದ್ದದ್ದು 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪು ಮತ್ತು ದಿನಬಳಕೆಯ ಒಂದು ಫೋನು ಮಾತ್ರ. ಕ್ರೋಮಿನಲ್ಲಿ ಎಫ್12 ಒತ್ತಿ, ಫೋನಿನ ಪರದೆಯನ್ನು ಅನುಕರಿಸುವ ಡಿವೈಸ್ ಮೋಡ್‌ನಲ್ಲಿ ಐದಾರು ಫೋನುಗಳ ಹೆಸರು ಆರಿಸಿ, ಎಲ್ಲದರಲ್ಲೂ ಪುಟ ಚೆನ್ನಾಗಿ ಕೂತಿದ್ದನ್ನು ಕಂಡು ಕೆಲಸ ಮುಗಿಯಿತೆಂದುಕೊಂಡೆ.

ಮೂರನೆಯ ದಿನ ಹಿರಿಯ ಬೆಳೆಗಾರರೊಬ್ಬರ ಕರೆ ಬಂತು. “ತಮಾ, ದರ ಎಲ್ಲ ಸರಿ ಇದ್ದು, ಆದ್ರೆ ಒತ್ತಕ್ಷರಕ್ಕೆಲ್ಲ ಯಾರೋ ಕತ್ತಿ ಹಾಕಿದ್ದ” ಎಂದರು. ಅವರ ಮನೆಗೆ ಹೋಗಿ ಫೋನು ನೋಡಿದರೆ ಅಡಿಕೆಯ ಒಂದು ಬಗೆಯಾದ ‘ತಟ್ಟಿಬೆಟ್ಟೆ’ಯ ಗುಂಡಿಯ ಮೇಲೆ ‘ತಟಿಬೆಟೆ’ ಎಂದಿತ್ತು. ಕೆಳಗಿನ ಒತ್ತುಗಳು ಗುಂಡಿಯ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ‘ಚಾಲಿ’, ‘ರಾಶಿ’ಗಳಿಗೆ ಒತ್ತೇ ಇಲ್ಲದ್ದರಿಂದ ಅವು ಪಾರಾಗಿದ್ದವು. ಅವರದೇ ಫೋನಿನ ಕ್ರೋಮಿನಲ್ಲಿ ಅದೇ ಪುಟ ಸರಿಯಾಗಿಯೇ ಕಂಡಿತು. ಫೋನಿನ ಸೆಟ್ಟಿಂಗ್ಸಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಂಡರೆ ಆ್ಯಪಿನೊಳಗಿನ ವೆಬ್‌ವ್ಯೂ ಅದನ್ನು ತಾನಾಗಿ ಅನ್ವಯಿಸಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಗುಂಡಿಗೆ 40 ಪಿಕ್ಸೆಲ್ ಎತ್ತರವನ್ನು ಕಟ್ಟುನಿಟ್ಟಾಗಿ ಕೊಟ್ಟು, ಹೆಚ್ಚಾದದ್ದನ್ನು ಮರೆಮಾಡುವಂತೆ ಬರೆದಿದ್ದೆ. ಇಂಗ್ಲಿಷ್ ಅಕ್ಷರವಾಗಿದ್ದರೆ ಅಷ್ಟು ಜಾಗ ಸಾಕಾಗುತ್ತಿತ್ತೇನೋ. ಕನ್ನಡದ ಸಾಲಿಗೆ ಕೆಳಗೂ ಜಾಗ ಬೇಕು. ಕಟ್ಟುನಿಟ್ಟಿನ ಎತ್ತರ ತೆಗೆದು, ಕನಿಷ್ಠ ಎತ್ತರವನ್ನಷ್ಟೇ ಉಳಿಸಿ, ಸಾಲಿನ ಎತ್ತರವನ್ನು ಅಕ್ಷರದ 1.6 ಪಟ್ಟಿಗೆ ಏರಿಸಿದ ಮೇಲೆ ಒತ್ತುಗಳು ಮರಳಿದವು.

ಡಿವೈಸ್ ಮೋಡ್ ಬದಲಿಸುವುದು ಪರದೆಯ ಅಳತೆ, ಬೆರಳಿನ ಸ್ಪರ್ಶ, ಬ್ರೌಸರು ತನ್ನ ಹೆಸರು ಹೇಳಿಕೊಳ್ಳುವ ಬಗೆ, ಇಂಥವನ್ನು ಮಾತ್ರ. ಪುಟವನ್ನು ಬಿಡಿಸಿ ತೋರಿಸುವ ಎಂಜಿನ್ನು, ಫಾಂಟು ನನ್ನ ಲ್ಯಾಪ್‌ಟಾಪಿನವೇ ಆಗಿರುತ್ತವೆ. ಹಾಗಾಗಿ ಫೋನುಗಳ ಪಟ್ಟಿಯನ್ನು ಬದಿಗಿಟ್ಟು, ಒಂದು ಫೋನಿಗೂ ಇನ್ನೊಂದಕ್ಕೂ ಯಾವ ವ್ಯತ್ಯಾಸ ನನ್ನ ಪುಟವನ್ನು ಕೆಡಿಸಬಹುದು ಎಂದು ಕೇಳಿಕೊಂಡು, ಅದೊಂದನ್ನೇ ಹುಟ್ಟಿಸುವ ಅಗ್ಗದ ದಾರಿ ಹುಡುಕತೊಡಗಿದೆ.

ಅಳತೆ ಮತ್ತು ಅಕ್ಷರದ ಗಾತ್ರಕ್ಕೆ ನನ್ನ ಒಂದೇ ಫೋನು ಸಾಕಾಯಿತು. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಎಡಿಬಿ ಎಂಬ, ಫೋನಿಗೆ ಆಜ್ಞೆ ಕೊಡುವ ಸಾಧನದ ಮೂಲಕ ಪರದೆಯನ್ನು 720×1280 ಎಂದೂ, ಪಿಕ್ಸೆಲ್ ಸಾಂದ್ರತೆಯನ್ನು 320 ಎಂದೂ, ಅಕ್ಷರದ ಗಾತ್ರವನ್ನು 1.3 ಪಟ್ಟು ಎಂದೂ ಬದಲಿಸಬಹುದು. ನಿಜವಾದ ಫೋನು, ನಿಜವಾದ ವೆಬ್‌ವ್ಯೂ, ಫೋನಿನದೇ ಕನ್ನಡ ಫಾಂಟು. ಕ್ರೋಮಿನ ಇನ್‌ಸ್ಪೆಕ್ಟ್ ಪುಟದಿಂದ ಫೋನಿನೊಳಗಿನ ಪುಟವನ್ನು ಲ್ಯಾಪ್‌ಟಾಪಿನಲ್ಲಿಯೇ ಬಿಚ್ಚಿ ನೋಡಲೂಬಹುದು. ಅದಕ್ಕೆ ಆ್ಯಪಿನಲ್ಲಿ ವೆಬ್‌ವ್ಯೂ ಡೀಬಗಿಂಗನ್ನು ಮೊದಲೇ ತೆರೆದಿಟ್ಟಿರಬೇಕು. ಕೆಲಸ ಮುಗಿದ ಮೇಲೆ ರೀಸೆಟ್ ಕೊಡಲು ಮರೆಯಬಾರದು. ನಾನು ಮರೆತು ಮದುವೆಮನೆಗೆ ಹೋಗಿ, ಬೆರಳಿಗಿಂತ ಚಿಕ್ಕದಾದ ಕೀಬೋರ್ಡಿನೊಂದಿಗೆ ಇಡೀ ದಿನ ಒದ್ದಾಡಿದ್ದೇನೆ.

ಐಫೋನಿನದು ಬೇರೆಯೇ ಕಥೆ. ಬೆಂಗಳೂರಿನಲ್ಲಿರುವ ಸದಸ್ಯರೊಬ್ಬರ ಮಗಳಿಗೆ ಪುಟವೇ ಖಾಲಿ ಕಾಣುತ್ತಿತ್ತು. ಐಫೋನನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಆ್ಯಪಲ್‌ನ ಸಿಮ್ಯುಲೇಟರಿಗೆ ಮ್ಯಾಕ್ ಬೇಕು, ಅದು ನನ್ನಲ್ಲಿರಲಿಲ್ಲ. ಆದರೆ ಮೈಕ್ರೋಸಾಫ್ಟ್‌ನವರ ಪ್ಲೇರೈಟ್ ಎಂಬ ಉಚಿತ ಸಾಧನದ ಜೊತೆ ಐಫೋನಿನ ಬ್ರೌಸರಾದ ಸಫಾರಿಗೆ ಆಧಾರವಾದ ವೆಬ್‌ಕಿಟ್ ಎಂಜಿನ್ನು ವಿಂಡೋಸಿಗೂ ಸಿಗುತ್ತದೆ. ಅದರಲ್ಲಿ ತೆರೆದದ್ದೇ ತಡ, ನನ್ನ ಕೋಣೆಯಲ್ಲಿಯೇ ಪುಟ ಖಾಲಿಯಾಯಿತು. 12,45,000 ಎಂದು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಲು ಎಲ್ಲಿಂದಲೋ ನಕಲು ಮಾಡಿದ ಒಂದು ರೆಗೆಕ್ಸ್‌ನಲ್ಲಿ (ಅಕ್ಷರಗಳ ವಿನ್ಯಾಸ ಹುಡುಕುವ ಸೂತ್ರ) ಲುಕ್‌ಬಿಹೈಂಡ್, ಅಂದರೆ ಹಿಂದಿನ ಅಕ್ಷರವನ್ನು ತಿರುಗಿ ನೋಡುವ ಗುರುತು, ಇತ್ತು. ಸಫಾರಿಗೆ ಅದು ಬಂದದ್ದು 2023ರ ಮಾರ್ಚಿನ 16.4ನೇ ಆವೃತ್ತಿಯಲ್ಲಿ. ಅರ್ಥವಾಗದ ಆ ಒಂದು ಸಾಲಿಗಾಗಿ ಅದಕ್ಕಿಂತ ಹಳೆಯ ಸಫಾರಿ ಇಡೀ ಕಡತವನ್ನೇ ತಿರಸ್ಕರಿಸುತ್ತಿತ್ತು. ಬ್ರೌಸರಿನಲ್ಲಿಯೇ ಇರುವ, ಸಂಖ್ಯೆಗೆ ಅಲ್ಪವಿರಾಮ ಹಾಕಿಕೊಡುವ ಇಂಟ್ಲ್ ನಂಬರ್ ಫಾರ್ಮ್ಯಾಟ್ ಬಳಸಿ ಆ ಸಾಲನ್ನು ಕಿತ್ತುಹಾಕಿದೆ.

ಹಾಗೆಂದು ಆ ವೆಬ್‌ಕಿಟ್ಟು ಐಫೋನ್ ಆಗಲಾರದು. ಕೆಳತುದಿಯ ಗುಂಡಿಯೊಂದು ಐಫೋನಿನಲ್ಲಿ ಸಫಾರಿಯ ಪಟ್ಟಿಯ ಹಿಂದೆ ಅಡಗುತ್ತಿದ್ದುದು ಅದರಲ್ಲಿ ಕಾಣಲೇ ಇಲ್ಲ, ಏಕೆಂದರೆ ಅದಕ್ಕೆ ಮೇಲೆ ಕೆಳಗೆ ಸರಿಯುವ ಪಟ್ಟಿಯೇ ಇಲ್ಲ. ಅಂಥದ್ದಕ್ಕೆ ಬ್ರೌಸರ್‌ಸ್ಟ್ಯಾಕ್ ಬಳಸಿದೆ. 2011ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸೇವೆಯಲ್ಲಿ ದೂರದ ನಿಜವಾದ ಫೋನನ್ನು ನಮ್ಮ ಪರದೆಯ ಮೇಲೆ ಆಡಿಸಬಹುದು. ಉಚಿತ ನಿಮಿಷಗಳು ಬೇಗ ಮುಗಿಯುತ್ತವೆ, ಆದ್ದರಿಂದ ನೋಡಬೇಕಾದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಕೂರುತ್ತಿದ್ದೆ. ನಮ್ಮೂರ ಇಂಟರ್‌ನೆಟ್ಟಿನಲ್ಲಿ ಬೆರಳು ಎಳೆದ ಒಂದು ಗಳಿಗೆಯ ಮೇಲೆ ಪುಟ ಸರಿಯುತ್ತದೆ. ವೇಗದ ಬಗ್ಗೆ ಅಲ್ಲಿ ಯಾವ ತೀರ್ಮಾನವನ್ನೂ ಮಾಡಬಾರದು.

ವೇಗ ತಿಳಿಯಲು ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್ ಎಂಬ ಅನುಕರಣೆಯ ಫೋನು ಕೂಡ ನೆರವಾಗಲಿಲ್ಲ. ಅದು ನನ್ನ ಲ್ಯಾಪ್‌ಟಾಪಿನ ಅರ್ಧ ರ‍್ಯಾಮನ್ನು ನುಂಗಿ, ಲ್ಯಾಪ್‌ಟಾಪಿನ ಪ್ರೊಸೆಸರಿನ ಬಲದಲ್ಲಿಯೇ ಓಡುತ್ತದೆ. ಕೊನೆಗೆ ಪೇಟೆಯ ರಿಪೇರಿ ಅಂಗಡಿಯಿಂದ 2 ಜಿಬಿ ರ‍್ಯಾಮಿನ ಹಳೆಯ ಫೋನೊಂದನ್ನು 2,500 ರೂಪಾಯಿಗೆ ತಂದೆ, ಇಡೀ ಕೆಲಸದಲ್ಲಿ ನಾನು ಕೊಂಡ ಸಾಧನ ಅದೊಂದೇ. ಧಾರಣೆಯ ಪಟ್ಟಿ ಅದರಲ್ಲಿ ತೆರೆಯಲು ಹನ್ನೊಂದು ಸೆಕೆಂಡು ಬೇಕಾಯಿತು. ವರ್ಷದ ಧಾರಣೆಯ ನಕ್ಷೆಯನ್ನು ಮೊದಲ ಪುಟದಿಂದ ತೆಗೆದ ಮೇಲೆ ಅದು ಮೂರಕ್ಕೆ ಇಳಿಯಿತು.

ಆ ಫೋನನ್ನು ಹಿಡಿದು ಒಮ್ಮೆ ಸಂಘದ ಅಂಗಳಕ್ಕೆ ಹೋದೆ. ಅಡಿಕೆ ಹರವಿದ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಪರದೆಯ ಮೇಲೆ ದರ ಕಂಡಿತು, ದಿನಾಂಕ ಕಾಣಲಿಲ್ಲ. ದಿನಾಂಕಕ್ಕೆ ನಾನು ತಿಳಿ ಬೂದು ಬಣ್ಣ ಕೊಟ್ಟಿದ್ದೆ. ಕ್ರೋಮಿನ ಪರೀಕ್ಷೆಯಲ್ಲಿ ಅದು ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ 4.5:1ರ ಕಾಂಟ್ರಾಸ್ಟ್ ಮಿತಿಯನ್ನು ದಾಟಿಯೇ ಇತ್ತು. ನಿನ್ನೆಯ ದರವನ್ನು ಇಂದಿನದೆಂದು ಓದಿಕೊಂಡು ಯಾರಾದರೂ ಮೂಟೆ ಹೊರಡಿಸಿದರೆ ಗತಿಯೇನು ಎಂದು, ಅಲ್ಲಿಯೇ ತೂಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಬಣ್ಣವನ್ನು ಅಚ್ಚ ಕಪ್ಪು ಮಾಡಿದೆ.